ಹಾಲಿನ ಸಂಘದ ಅಧ್ಯಕ್ಷನಾಗಿ ನಾಲ್ಕು ತಿಂಗಳು: ಒಳ್ಳೆಯ ನಾಯಕ ಎಂದರೆ ಯಾರು?

ಪ್ರಶ್ನೆ: ಹೊಸ ಅಧ್ಯಕ್ಷ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ನಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನಾನು ಅಧ್ಯಕ್ಷನಾಗಿ ಆಯ್ಕೆಯಾದೆ. ನನಗೀಗ 35 ವರ್ಷ. ಊರಿನ ಎರಡು ಗುಂಪುಗಳು ಒಬ್ಬರ ಹೆಸರನ್ನು ಇನ್ನೊಬ್ಬರು ಒಪ್ಪದೆ ಹಟ ಹಿಡಿದಾಗ, ಯಾವ ಗುಂಪಿಗೂ ಸೇರದ ನನ್ನ ಹೆಸರನ್ನು ಹಿರಿಯ ನಿರ್ದೇಶಕರೊಬ್ಬರು ಮುಂದಿಟ್ಟರು. ಉಳಿದವರು ಒಪ್ಪಿದರು, ಆಯ್ಕೆ ಅವಿರೋಧವಾಗಿ ನಡೆಯಿತು. ಹೀಗಾಗಿ ನನ್ನನ್ನು ನಾಯಕನೆಂದು ಯಾರೂ ಹುಡುಕಿ ಆರಿಸಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿದೆ. ಆದರೂ ಕುರ್ಚಿಯಲ್ಲಿ ಕುಳಿತ ಮೇಲೆ ಕೆಲಸವನ್ನು ಸರಿಯಾಗಿ ಮಾಡಬೇಕೆಂಬ ಆಸೆ ಇದೆ.

ನಮ್ಮ ಸಂಘದಲ್ಲಿ ಬೆಳಿಗ್ಗೆ ಮತ್ತು ಸಂಜೆ ಸುಮಾರು 140 ಮನೆಗಳವರು ಹಾಲು ಹಾಕುತ್ತಾರೆ. ಒಬ್ಬರು ಕಾರ್ಯದರ್ಶಿ, ಒಬ್ಬ ಹಾಲು ಪರೀಕ್ಷಕ, ಒಬ್ಬ ಸಹಾಯಕ ಇದ್ದಾರೆ. ಪರೀಕ್ಷೆಯ ಯಂತ್ರ ಇದೆಯಾದರೂ ಅದನ್ನು ಇನ್ನೂ ಗಣಕಯಂತ್ರಕ್ಕೆ ಜೋಡಿಸಿಲ್ಲ. ಯಂತ್ರ ತೋರಿಸಿದ ಫ್ಯಾಟ್ (ಜಿಡ್ಡು) ಮತ್ತು ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಎಷ್ಟು ಶೇಕಡಾ ಎಂಬ ಅಂಕಿಗಳನ್ನು ಪರೀಕ್ಷಕನೇ ನೋಡಿಕೊಂಡು ಪುಸ್ತಕದಲ್ಲಿ ಬರೆಯುತ್ತಾನೆ. ಎಸ್‌ಎನ್‌ಎಫ್ 8.5ಕ್ಕಿಂತ ಕಡಿಮೆಯಾದರೆ ದರ ಇಳಿಯುತ್ತದೆ. 8ಕ್ಕಿಂತಲೂ ಕಡಿಮೆ ಬಂದರೆ ಹಾಲನ್ನು ತೆಗೆದುಕೊಳ್ಳಬಾರದು ಎಂಬುದು ನಮ್ಮ ಆಡಳಿತ ಮಂಡಳಿಯೇ ಹಿಂದೆ ಮಾಡಿದ ತೀರ್ಮಾನ.

ಕಳೆದ ವಾರ ಒಂದು ಬೆಳಿಗ್ಗೆ ನಾನು ಡೇರಿಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಸೋದರಮಾವ ಕ್ಯಾನು ತಂದರು. ಯಂತ್ರದಲ್ಲಿ 7.8 ಎಂದು ಬಂತು. ಪರೀಕ್ಷಕ ಅಂಕಿಯನ್ನು ಓದಲಿಲ್ಲ, ಬರೆಯಲೂ ಇಲ್ಲ, ತಲೆ ಎತ್ತಿ ನನ್ನ ಮುಖವನ್ನು ನೋಡಿದ. ಸಾಲಿನಲ್ಲಿದ್ದ ಹದಿನೈದು ಇಪ್ಪತ್ತು ಜನರೂ ನನ್ನನ್ನೇ ನೋಡಿದರು. ಮಾವ ಮಾತ್ರ ಬೇರೆ ಕಡೆ ನೋಡುತ್ತಿದ್ದರು. ನನಗೆ ಏನು ಹೇಳಬೇಕೆಂದು ತೋಚದೆ, ಫೋನು ಬಂದವನಂತೆ ಹೊರಗೆ ನಡೆದೆ. ಹಿಂದಿರುಗಿ ಬಂದಾಗ ಹಾಲನ್ನು ತೆಗೆದುಕೊಂಡಾಗಿತ್ತು, ಪುಸ್ತಕದಲ್ಲಿ 8.2 ಎಂದು ಬರೆದಿತ್ತು. ಮಾರನೆಯ ದಿನವೂ ಅದರ ಮರುದಿನವೂ ಇದೇ ನಡೆಯಿತು. ನಾನು ಹೊರಗೆ ಹೋಗಿ ನಿಂತ ಆ ಎರಡು ನಿಮಿಷ ನನ್ನನ್ನು ರಾತ್ರಿಯೆಲ್ಲ ಕಾಡುತ್ತಿದೆ.

ತಂದೆ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ಇದೇ ಮಾವ. ಹಾಗೆಂದು, ಅದೇ ಸಾಲಿನಲ್ಲಿ ಒಂದೇ ಹಸು ಕಟ್ಟಿಕೊಂಡು ಮೂರು ಲೀಟರ್ ಹಾಲು ತರುವ ಅಜ್ಜಿಯೊಬ್ಬರ ಹಾಲನ್ನು ಹಿಂದಿನ ತಿಂಗಳು ಇದೇ ಕಾರಣಕ್ಕೆ ವಾಪಸು ಕಳಿಸಿದ್ದೆವು ಎಂಬುದನ್ನು ಮರೆಯಲು ನನಗೆ ಸಾಧ್ಯವಾಗುತ್ತಿಲ್ಲ. ನಾಯಕತ್ವದ ಬಗ್ಗೆ ತರಬೇತಿಯಲ್ಲಿ ಕೇಳಿದ ಮಾತುಗಳು ಆ ಕ್ಷಣಕ್ಕೆ ಒಂದೂ ಒದಗಲಿಲ್ಲ. ನೀವು ಕಂಡ ಒಳ್ಳೆಯ ನಾಯಕರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದರು? ನಿಮ್ಮ ಅನುಭವದಿಂದ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ 1: ನಿವೃತ್ತ ಕಾರ್ಯದರ್ಶಿ, ಹಾಸನ ಜಿಲ್ಲೆ

ಅಧ್ಯಕ್ಷರೇ, ನಾನು 31 ವರ್ಷ ಒಂದೇ ಊರಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದು ಏಳು ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡಿದವನು. ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳಿವೆ. ಹಾಲಿನದ್ದು ಸುಲಭವಾದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ.

ಎಸ್‌ಎನ್‌ಎಫ್ ಕಡಿಮೆ ಬಂತೆಂದ ಮಾತ್ರಕ್ಕೆ ಹಾಲಿಗೆ ನೀರು ಬೆರೆಸಿದ್ದಾರೆ ಎಂದು ಹೇಳಲಾಗದು. ಬೇಸಿಗೆಯಲ್ಲಿ ಹಸಿ ಮೇವು ಸಿಗದೆ ಬರೀ ಒಣಹುಲ್ಲಿನ ಮೇಲೆ ನಿಂತ ಸೀಮೆಹಸುವಿನ ಹಾಲಿನಲ್ಲಿ ಅದು ತಾನಾಗಿ ಇಳಿಯುತ್ತದೆ. ಕೆಚ್ಚಲು ಬಾವು ಹೊರಗೆ ಕಾಣಿಸದೆ ಒಳಗೇ ಇದ್ದರೂ ಇಳಿಯುತ್ತದೆ. ಆದ್ದರಿಂದ ಯಾರನ್ನೂ ನೀರು ಬೆರೆಸುವವರೆಂದು ಕರೆಯುವ ಮೊದಲು ಅವರ ಕೊಟ್ಟಿಗೆಗೆ ಹೋಗಿ, ನಮ್ಮ ಕಣ್ಣೆದುರೇ ಹಾಲು ಕರೆಸಿ, ಒಂದೊಂದು ಹಸುವಿನ ಹಾಲನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಆ ಅಜ್ಜಿಯ ಹಾಲನ್ನು ವಾಪಸು ಕಳಿಸುವ ಮೊದಲು ಅವರ ಕೊಟ್ಟಿಗೆಗೆ ಯಾರಾದರೂ ಹೋಗಿದ್ದರೇ? ಹೋಗಿರದಿದ್ದರೆ ಮೊದಲು ಅಲ್ಲಿಗೆ ಹೋಗಿ ಬನ್ನಿ.

ಇನ್ನು ನಾಯಕತ್ವದ ವಿಷಯ. ನಾನು ಕೆಲಸಕ್ಕೆ ಸೇರಿದಾಗ ಇಂದಿನ ಯಂತ್ರಗಳಿರಲಿಲ್ಲ. ಜಿಡ್ಡು ಅಳೆಯುವ ಗಾಜಿನ ಕೊಳವೆ ಬ್ಯುಟಿರೋಮೀಟರಿಗೆ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಬಿಗಿದು, ಯಂತ್ರದಲ್ಲಿ ತಿರುಗಿಸಿ ಜಿಡ್ಡಿನ ಗೆರೆಯನ್ನು ಓದಬೇಕಿತ್ತು. ಆಮ್ಲ ಬಿದ್ದು ಸುಟ್ಟ ಕಲೆಗಳು ನನ್ನ ಎಡಗೈ ಮೇಲೆ ಇಂದಿಗೂ ಇವೆ. ಪರೀಕ್ಷೆ ಇಷ್ಟು ಕಟ್ಟುನಿಟ್ಟಾಗಿದ್ದರೂ ಅನ್ಯಾಯಕ್ಕೆ ದಾರಿ ಇರಲಿಲ್ಲವೆಂದಲ್ಲ, ಅದು ಪರೀಕ್ಷೆಗಿಂತ ಮೊದಲೇ ಸೌಟಿನಲ್ಲಿ ನಡೆಯುತ್ತಿತ್ತು. ಹಾಲು ಸ್ವಲ್ಪ ಹೊತ್ತು ನಿಂತರೆ ಕೆನೆ ಮೇಲೇರುತ್ತದೆ. ಬೇಕಾದವರ ಕ್ಯಾನನ್ನು ಕದಡದೆ ಮೇಲಿನಿಂದ ಮಾದರಿ ತೆಗೆದರೆ ಫ್ಯಾಟ್ ಏರುತ್ತದೆ, ಬೇಡದವರದನ್ನು ತಳದಿಂದ ತೆಗೆದರೆ ಇಳಿಯುತ್ತದೆ. ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಏಳು ಅಧ್ಯಕ್ಷರಲ್ಲಿ ನಾನು ಮನಸಾರೆ ಗೌರವಿಸುವವರು ಒಬ್ಬರು. ಅವರು ಆಯ್ಕೆಯಾದ ದಿನವೇ ಹೇಳಿದ್ದು ಒಂದೇ ಮಾತು: ನಮ್ಮ ಮನೆಯ ಹಾಲನ್ನು ಮೂರು ಸಲ ಕದಡಿ, ನಡುವಿನಿಂದ ಮಾದರಿ ತೆಗೆದು, ಬಂದ ಅಂಕಿಯನ್ನು ಜೋರಾಗಿ ಓದಿ. ಅವರ ಸೊಸೆ ಕ್ಯಾನು ಹಿಡಿದು ಸಾಲಿನಲ್ಲಿ ಎಲ್ಲರಂತೆ ನಿಲ್ಲುತ್ತಿದ್ದರು. ಅಧ್ಯಕ್ಷರ ಮನೆಯ ಅಂಕಿಯನ್ನೇ ಜೋರಾಗಿ ಓದುವಾಗ ಬೇರೆಯವರ ಅಂಕಿಯನ್ನು ಮೆಲ್ಲಗೆ ಓದಲು ನನಗೆ ಕಾರಣ ಉಳಿಯಲಿಲ್ಲ. ಒಂದು ತಿಂಗಳೊಳಗೆ ಊರಿನಲ್ಲಿ ಪರೀಕ್ಷೆಯ ಬಗ್ಗೆ ಇದ್ದ ಗುಸುಗುಸು ನಿಂತಿತು. ಅದಕ್ಕಾಗಿ ಅವರು ಒಂದು ಭಾಷಣವನ್ನೂ ಮಾಡಲಿಲ್ಲ, ಒಂದು ಸುತ್ತೋಲೆಯನ್ನೂ ಹೊರಡಿಸಲಿಲ್ಲ.

ಅವರ ಕಾಲದಲ್ಲೇ ಒಮ್ಮೆ ನನ್ನಿಂದ ದೊಡ್ಡ ತಪ್ಪಾಯಿತು. ಸಂಜೆಯ ಕ್ಯಾನುಗಳನ್ನು ಸರಿಯಾಗಿ ತೊಳೆಸಿರಲಿಲ್ಲ. ಬೇಸಿಗೆಯ ದಿನ ಬೇರೆ, ಲಾರಿಯೂ ತಡವಾಗಿ ಬಂತು, ನಾಲ್ಕು ಕ್ಯಾನು ಹಾಲು ಒಡೆದು ಶೀತಲ ಕೇಂದ್ರದಿಂದ ಹಿಂದಕ್ಕೆ ಬಂತು. ಸದಸ್ಯರೆಲ್ಲ ಸೇರಿ ಕೇಳಿದಾಗ ನನ್ನ ಹೆಸರು ಹೇಳಿ ಪಾರಾಗುವುದು ಅಧ್ಯಕ್ಷರಿಗೆ ಬಹಳ ಸುಲಭವಿತ್ತು. ಅವರು ಎದ್ದು ನಿಂತು, ಕ್ಯಾನು ತೊಳೆಯುವ ವ್ಯವಸ್ಥೆಯನ್ನು ನೋಡಿಕೊಳ್ಳಬೇಕಾದವನು ನಾನು, ನಾನು ನೋಡಿಕೊಳ್ಳಲಿಲ್ಲ ಎಂದರು. ಎಲ್ಲರೂ ಹೋದ ಮೇಲೆ ಕಚೇರಿಯ ಬಾಗಿಲು ಹಾಕಿ ನನ್ನನ್ನು ಕೂರಿಸಿಕೊಂಡು, ಎಲ್ಲಿ ತಪ್ಪಿತೆಂದು ಹಂತ ಹಂತವಾಗಿ ಕೇಳಿದರು. ಬೈಗುಳ ತಿನ್ನಲು ಸಿದ್ಧನಾಗಿ ಕುಳಿತಿದ್ದ ನನಗೆ ಆ ಪ್ರಶ್ನೆಗಳನ್ನು ಎದುರಿಸುವುದು ಬೈಗುಳಕ್ಕಿಂತ ಕಷ್ಟವಾಯಿತು. ಆ ವಿಷಯವನ್ನು ಅವರು ಮತ್ತೆ ಎಂದೂ, ಯಾರ ಮುಂದೆಯೂ ಎತ್ತಲಿಲ್ಲ. ನನ್ನ ಸೇವೆಯ ಉಳಿದ ಹದಿನಾಲ್ಕು ವರ್ಷಗಳಲ್ಲಿ ಕ್ಯಾನು ತೊಳೆಯದ ಕಾರಣಕ್ಕೆ ಒಂದು ಲೀಟರ್ ಹಾಲೂ ಒಡೆಯಲಿಲ್ಲ.

ಪರೀಕ್ಷಕ ನಿಮ್ಮ ಮುಖ ನೋಡಿದ ಎಂದು ಬರೆದಿದ್ದೀರಿ. ಅವನು ನಿಮ್ಮಿಂದ ಅಪ್ಪಣೆಯನ್ನಲ್ಲ, ರಕ್ಷಣೆಯನ್ನು ಕೇಳಿದ ಎಂದು ನನಗೆ ಅನ್ನಿಸುತ್ತದೆ. ಅಂಕಿ ಇದ್ದಂತೆ ಬರೆದರೆ ನಾಳೆ ನನ್ನ ಕೆಲಸ ಉಳಿಯುತ್ತದೆಯೇ ಎಂದು ಅವನು ಕಣ್ಣಿನಲ್ಲೇ ಕೇಳಿದಾಗ ನೀವು ಹೊರಗೆ ಹೋದಿರಿ. ಅವನಿಗೆ ಉತ್ತರ ಸಿಕ್ಕಿತು. ನೋಯಿಸಲು ಇದನ್ನು ಹೇಳುತ್ತಿಲ್ಲ. ಕೈಕೆಳಗಿನವನಾಗಿ ಆ ಜಾಗದಲ್ಲಿ ನಿಂತು ಅದೇ ರೀತಿ ತಲೆ ಎತ್ತಿ ನೋಡಿದ ದಿನಗಳು ನನ್ನ ಬಾಳಿನಲ್ಲೂ ಇವೆ.

ಉತ್ತರ 2: ಮಾಜಿ ಪಂಚಾಯಿತಿ ಅಧ್ಯಕ್ಷೆ, ಚಾಮರಾಜನಗರ ಜಿಲ್ಲೆ

ತಮ್ಮಾ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಾನೂ ನಿನ್ನಂತೆಯೇ ಅನಿರೀಕ್ಷಿತವಾಗಿ ಕುರ್ಚಿಗೆ ಬಂದವಳು. ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ನನ್ನನ್ನು ಕೂರಿಸಿದರು. ಆಗ ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಮೊದಲ ಆರು ತಿಂಗಳು ನಾನು ಸಹಿ ಹಾಕಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ ಎಂದು ಒಪ್ಪಿಕೊಳ್ಳಬೇಕು.

ಏಳನೆಯ ತಿಂಗಳಲ್ಲಿ ಪರಿಶಿಷ್ಟರ ಕೇರಿಯ ಹೆಣ್ಣುಮಗಳೊಬ್ಬಳು ಪಂಚಾಯಿತಿ ಕಚೇರಿಯ ಮುಂದೆ ಖಾಲಿ ಬಿಂದಿಗೆ ಇಟ್ಟು ಕುಳಿತಳು. ನೀರು ಬರುತ್ತಿಲ್ಲವೆಂದು ಅವಳು, ದಿನವೂ ಒಂದು ಗಂಟೆ ಬಿಡುತ್ತಿದ್ದೇನೆಂದು ನೀರುಗಂಟಿ. ಪುಸ್ತಕದಲ್ಲಿಯೂ ಒಂದು ಗಂಟೆ ಎಂದೇ ಇತ್ತು. ಕಾರ್ಯದರ್ಶಿ ನನಗೆ ಪುಸ್ತಕ ತೋರಿಸಿ ದೂರನ್ನು ಮುಗಿಸಿದರು. ನನಗೆ ಸಮಾಧಾನವಾಗಲಿಲ್ಲ. ಮಾರನೆಯ ಬೆಳಿಗ್ಗೆ ಐದೂವರೆಗೆ ನನ್ನ ಮನೆಯ ಬಿಂದಿಗೆ ತೆಗೆದುಕೊಂಡು ಆ ಕೇರಿಯ ಕೊನೆಯ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತೆ. ನೀರುಗಂಟಿ ಗೇಟುವಾಲ್ವು ತಿರುಗಿಸಿದ್ದು ನಿಜ, ಒಂದು ಗಂಟೆ ನೀರು ಬಿಟ್ಟಿದ್ದೂ ನಿಜ. ಆದರೆ ಮೇಲಿನ ಬೀದಿಯ ಮನೆಗಳವರು ಪೈಪಿಗೇ ಮೋಟರ್ ಹಾಕಿ ಎಳೆದುಕೊಳ್ಳುತ್ತಿದ್ದುದರಿಂದ ಈ ತುದಿಗೆ ಬಂದದ್ದು ಹನ್ನೊಂದು ನಿಮಿಷದ ಸಣ್ಣ ಧಾರೆ. ನನ್ನ ಸರದಿ ಬರುವ ಮೊದಲೇ ಅದು ನಿಂತುಹೋಯಿತು. ನೀರುಗಂಟಿ ಸುಳ್ಳು ಹೇಳಿರಲಿಲ್ಲ, ಆ ಹೆಣ್ಣುಮಗಳೂ ಸುಳ್ಳು ಹೇಳಿರಲಿಲ್ಲ. ಪೈಪಿನ ತುದಿಯಲ್ಲಿ ನಿಂತು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಮೋಟರ್ ಹಾಕಿದ ಮನೆಗಳಲ್ಲಿ ನನ್ನ ಭಾವನ ಮನೆಯೂ ಒಂದು. ನಾನು ಮೊದಲು ಬಿಚ್ಚಿಸಿದ ಮೋಟರ್ ಅದೇ. ನಮ್ಮ ಮನೆಯಲ್ಲಿ ಆ ವರ್ಷದ ಗೌರಿ ಹಬ್ಬ ಬಹಳ ಮೌನವಾಗಿ ಕಳೆಯಿತು.

ಗುಂಡ್ಲುಪೇಟೆಯ ಕಡೆಯವರಾದ ನಮಗೆ ನಾಯಕ ಎಂದರೆ ಮೊದಲು ನೆನಪಾಗುವುದು ಅಬ್ದುಲ್ ನಜೀರ್ ಸಾಬ್. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದ ಅವರು ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎಂದೇ ಹೆಸರಾದರು. ನಮ್ಮ ಅಮ್ಮ ಕೈಪಂಪಿನಿಂದ ನೀರು ಹೊಡೆಯುವಾಗ ಆ ಹೆಸರು ಹೇಳದ ದಿನವಿರಲಿಲ್ಲ. ಆದರೆ ನೀರಿಗಿಂತಲೂ ದೊಡ್ಡದೊಂದು ಕೆಲಸವನ್ನು ಅವರು ಮಾಡಿದರೆಂದು ನನಗೆ ಅರ್ಥವಾದದ್ದು ನಾನೇ ಪಂಚಾಯಿತಿಯಲ್ಲಿ ಕುಳಿತ ಮೇಲೆ. ಬೆಂಗಳೂರಿನ ಕಚೇರಿಯಲ್ಲಿದ್ದ ಅಧಿಕಾರವನ್ನು ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಹಂಚುವ ಕಾನೂನನ್ನು ಅವರು ಮುಂದೆ ನಿಂತು ತಂದರು. 1987ರ ಆರಂಭದಲ್ಲಿ ನಡೆದ ಆ ಚುನಾವಣೆಯಲ್ಲಿ ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗಿದ್ದವು, ದೇಶದ ಪಂಚಾಯಿತಿಗಳಲ್ಲೆಲ್ಲ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೆಯ ತಿದ್ದುಪಡಿ ಬರುವುದಕ್ಕೂ ಎಷ್ಟೋ ವರ್ಷ ಮೊದಲು. ಸಚಿವರೊಬ್ಬರು ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ತಾವಾಗಿಯೇ ಕಡಿಮೆ ಮಾಡಿಕೊಳ್ಳಲು ಅಷ್ಟು ಶ್ರಮಪಡುವುದು ಸಾಮಾನ್ಯ ಮಾತಲ್ಲ. ನನ್ನಂಥವಳು ಆ ಕುರ್ಚಿಗೆ ಬರಲು ದಾರಿ ಶುರುವಾದದ್ದು ಅಲ್ಲಿಂದ ಎಂದು ನಾನು ನಂಬಿದ್ದೇನೆ.

ನಿನಗೆ ಒಂದೇ ಮಾತು ಹೇಳುತ್ತೇನೆ ತಮ್ಮಾ. ಅಧ್ಯಕ್ಷನಾದವನಿಗೆ ಸತ್ಯ ತಾನಾಗಿ ನಡೆದು ಬರುವುದಿಲ್ಲ. ಅದು ಇರುವ ಜಾಗಕ್ಕೆ ಹೊತ್ತಿಗೆ ಸರಿಯಾಗಿ ನೀನೇ ಹೋಗಬೇಕು. ಮಾವನ ಮನೆಯ ಅಂಕಿ ಹೀಗಿದೆ ಎಂದು ನಿನಗೆ ಗೊತ್ತಾಯಿತು. ನಿನ್ನ ಮನೆಯ ಅಂಕಿ ಏನೆಂದು ನೋಡಿದ್ದೀಯಾ?

ಉತ್ತರ 3: ಬೆಂಗಳೂರಿನಲ್ಲಿರುವ ಸದಸ್ಯರ ಮಗ

ಮೇಲಿನ ಇಬ್ಬರು ಹಿರಿಯರ ಮಾತಿಗೂ ನನ್ನ ಗೌರವವಿದೆ, ಆದರೆ ಪ್ರಾಮಾಣಿಕತೆಯ ಮಾತಿಗೇ ಚರ್ಚೆ ನಿಂತುಬಿಡಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ತಂದೆ ಹಾಲು ಹಾಕುತ್ತಿದ್ದ ಸಂಘದ ಅಧ್ಯಕ್ಷರು ಒಂದು ರೂಪಾಯಿಯನ್ನೂ ಮುಟ್ಟದ ಮನುಷ್ಯ. ಅದೇ ಕಾರಣಕ್ಕೆ ಅವರು ಬೇರೆ ಯಾರನ್ನೂ ನಂಬುತ್ತಿರಲಿಲ್ಲ. ಬೀರುವಿನ ಬೀಗದ ಕೈ ಅವರ ಜೇಬಿನಲ್ಲಿ, ಬ್ಯಾಂಕಿನ ಚೆಕ್ಕು ಪುಸ್ತಕ ಅವರ ಮನೆಯಲ್ಲಿ, ಪಶು ಆಹಾರದ ಒಂದು ಮೂಟೆ ಬರಬೇಕಾದರೂ ಅವರದೇ ಫೋನು. ಕಾರ್ಯದರ್ಶಿಗೆ ಲೆಕ್ಕ ಬರೆಯುವುದಷ್ಟೇ ಗೊತ್ತಿತ್ತು, ನಿರ್ದೇಶಕರಿಗೆ ಅದೂ ಗೊತ್ತಿರಲಿಲ್ಲ. ಅವರಿಗೆ ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದಾಗ ಸಂಘದಲ್ಲಿ ಹಣ ಇದ್ದರೂ ಮೂರು ವಾರ ಬಟವಾಡೆ ಆಗಲಿಲ್ಲ. ಬಟವಾಡೆಯ ದುಡ್ಡಿನಿಂದಲೇ ಬೂಸಾ ಹಿಂಡಿ ತರುವ ಮನೆಗಳಿಗೆ ಮೂರು ವಾರ ಎಂದರೆ ಏನೆಂದು ಹಸು ಕಟ್ಟಿದವರಿಗೆಲ್ಲ ಗೊತ್ತು. ನಮ್ಮ ಮನೆಯ ಒಂದು ಹಸುವನ್ನು ಆಗಲೇ ಮಾರಿದೆವು. ಅವರ ಬಗ್ಗೆ ನನಗೆ ಇಂದಿಗೂ ಸಿಟ್ಟಿಲ್ಲ. ಆದರೆ ತಾನಿಲ್ಲದಿದ್ದರೆ ಒಂದು ದಿನವೂ ನಡೆಯದಂತೆ ಸಂಘವನ್ನು ಕಟ್ಟಿದವರನ್ನು ಒಳ್ಳೆಯ ನಾಯಕ ಎಂದು ಕರೆಯಲು ನನ್ನಿಂದಾಗುವುದಿಲ್ಲ. ನೀವು ಹತ್ತು ದಿನ ಊರಲ್ಲಿಲ್ಲದಿದ್ದರೆ ಏನೇನು ನಿಲ್ಲುತ್ತದೆ ಎಂದು ಒಂದು ಸಂಜೆ ಕುಳಿತು ಬರೆದು ನೋಡಿ.

ಉತ್ತರ 4: ನಿವೃತ್ತ ಶಿಕ್ಷಕ, ಗದಗ

ಸಹಕಾರ ಸಂಘದ ಮಾತು ಬಂದಾಗ ಗದಗಿನವರು ಸುಮ್ಮನಿರಲಾರೆವು. ನಮ್ಮ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಹಕಾರದ ಕಾನೂನು ಬಂದು ಒಂದೇ ವರ್ಷವಾಗಿತ್ತು. ಊರಿನಲ್ಲಿ ಅನುಕೂಲವಿದ್ದ ಗೌಡರ ಮನೆಯವರು, ಸಾಲಗಾರ ರೈತರ ಜೊತೆ ಒಂದೇ ಸಂಘದ ಹೊಣೆಗೆ ತಮ್ಮ ಹೆಸರನ್ನೂ ಸೇರಿಸಿದರು ಎಂಬುದನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ.

ಬೆಂಗಳೂರಿನ ಸಹೋದರರು ಎತ್ತಿದ ಮಾತಿಗೆ ನಿಮ್ಮ ಹಾಲಿನ ಕ್ಷೇತ್ರದಲ್ಲಿಯೇ ಒಳ್ಳೆಯ ಉದಾಹರಣೆ ಇದೆ. ಅಮುಲ್ ಎಂದು ಹೆಸರಾದ ಗುಜರಾತಿನ ಖೇಡಾ ಜಿಲ್ಲೆಯ ಹಾಲಿನ ಒಕ್ಕೂಟ ಎಂದರೆ ಎಲ್ಲರ ಬಾಯಲ್ಲೂ ವರ್ಗೀಸ್ ಕುರಿಯನ್ ಅವರ ಹೆಸರು ಬರುತ್ತದೆ, ಅದು ನ್ಯಾಯವೇ. ಆದರೆ ಕುರಿಯನ್ 1949ರಲ್ಲಿ ಆಣಂದಕ್ಕೆ ಬರುವುದಕ್ಕೂ ಮೊದಲೇ, 1946ರಲ್ಲಿ, ಆ ಒಕ್ಕೂಟ ನೋಂದಣಿಯಾಗಿತ್ತು. ಊರೂರು ನಡೆದು ರೈತರನ್ನು ಒಟ್ಟುಗೂಡಿಸಿ ಅದರ ಅಧ್ಯಕ್ಷರಾದವರು ತ್ರಿಭುವನದಾಸ್ ಪಟೇಲ್. ಯಂತ್ರ, ಮಾರುಕಟ್ಟೆ, ಹಾಲಿನ ಪುಡಿಯ ತಂತ್ರ ತಮಗೆ ತಿಳಿಯದ ವಿಷಯ ಎಂಬುದು ಅವರಿಗೆ ತಿಳಿದಿತ್ತು. ಕೇರಳದಿಂದ ಬಂದ, ಆ ಊರಿನ ಭಾಷೆಯೂ ಬಾರದ ತರುಣ ಎಂಜಿನಿಯರ್ ಒಬ್ಬನಿಗೆ ಆ ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಿ, ರೈತರ ವಿಶ್ವಾಸ ಮತ್ತು ರಾಜಕೀಯದ ಒತ್ತಡ ಎರಡನ್ನೂ ತಾವು ನೋಡಿಕೊಂಡರು. ಎರಡು ದಶಕಕ್ಕೂ ಮೀರಿ ಅವರ ಜೋಡಿ ಹೀಗೆ ನಡೆಯಿತು. 1963ರ ಮ್ಯಾಗ್ಸೆಸೆ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲಿತ್ತು. ತಮಗಿಂತ ಹೆಚ್ಚು ಬಲ್ಲವನು, ಮುಂದೆ ತಮಗಿಂತ ಹೆಚ್ಚು ಹೆಸರು ಮಾಡುವವನು ಎಂದು ತಿಳಿದೂ ಅವನ ಬೆನ್ನಿಗೆ ನಿಲ್ಲಲು ಎಂಥ ಮನಸ್ಸು ಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ. ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ ನನಗಿಂತ ಚೆನ್ನಾಗಿ ಗಣಿತ ಕಲಿಸುವ ತರುಣ ಶಿಕ್ಷಕರೊಬ್ಬರು ಬಂದರು. ಅವರನ್ನು ಮನಃಪೂರ್ವಕವಾಗಿ ಹೊಗಳಲು ನನಗೆ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷ ತಡ ಮಾಡಿದ್ದಕ್ಕೆ ಈಗಲೂ ಮನಸ್ಸಿನಲ್ಲಿ ನೋವಿದೆ.

ನಿಮ್ಮ ಪರೀಕ್ಷಕನಿಗೆ ಪರೀಕ್ಷೆಯ ವಿಷಯದಲ್ಲಿ ನಿಮಗಿಂತ ಹೆಚ್ಚು ಗೊತ್ತಿರಬೇಕು. ಅವನ ಕೆಲಸವನ್ನು ಅವನಿಗೆ ಬಿಟ್ಟುಕೊಡಿ, ಅದನ್ನು ಮಾಡಿದ್ದಕ್ಕಾಗಿ ಬರುವ ಸಿಟ್ಟನ್ನು ನೀವು ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲ ಹಿರಿಯರಿಗೂ ನನ್ನ ನಮಸ್ಕಾರಗಳು. ಉತ್ತರಗಳನ್ನು ಓದಿ ಒಂಬತ್ತು ದಿನಗಳಾದವು. ಅಕ್ಕ ಕೊನೆಯಲ್ಲಿ ಕೇಳಿದ ಪ್ರಶ್ನೆ ನನ್ನನ್ನು ಅಲ್ಲಾಡಿಸಿತು, ಏಕೆಂದರೆ ನಾನು ನೋಡಿರಲಿಲ್ಲ.

ಮೊದಲು ಅಜ್ಜಿಯ ಮನೆಗೆ ಹೋದೆ. ಹಸುವಿನ ಮೇವಿಗೆ ರಾಗಿ ಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಕಣ್ಣೆದುರು ಕರೆದ ಹಾಲೇ 7.9 ಬಂತು. ಅವರು ಒಂದು ಹನಿ ನೀರನ್ನೂ ಸೇರಿಸಿರಲಿಲ್ಲ. ಸಾಲಿನಲ್ಲಿ ಎಲ್ಲರ ಮುಂದೆ ಅವರ ಕ್ಯಾನನ್ನು ಹಿಂದಕ್ಕೆ ಕೊಟ್ಟಿದ್ದೆವಲ್ಲ, ಆದ್ದರಿಂದ ಮಾರನೆಯ ಸಂಜೆ ಅದೇ ಸಾಲಿನಲ್ಲಿ, ಎಲ್ಲರ ಮುಂದೆಯೇ ನಾನು ಅವರ ಕ್ಷಮೆ ಕೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಲು ಕಡಿಮೆಯಾಯಿತೆಂದರು ಕಣಪ್ಪ, ನಾನು ಕಳ್ಳಿ ಎಂದು ಯಾರೂ ಹೇಳಲಿಲ್ಲವಲ್ಲ ಎಂದರು. ಹೇಳದಿದ್ದರೂ ಎಲ್ಲರೂ ಹಾಗೆಯೇ ತಿಳಿದಿದ್ದರು ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಐದಕ್ಕೆ ಪರೀಕ್ಷಕ, ಕಾರ್ಯದರ್ಶಿ ಮತ್ತು ಎರಡೂ ಗುಂಪಿನ ಒಬ್ಬೊಬ್ಬ ನಿರ್ದೇಶಕರನ್ನು ಕರೆದುಕೊಂಡು ನನ್ನ ಮನೆಯ ಕೊಟ್ಟಿಗೆಗೇ ಮೊದಲು ಹೋದೆ. ಅಮ್ಮ ಎರಡು ಹಸುಗಳನ್ನೂ ಕರೆದರು. ಒಂದರ ಹಾಲು 8.3, ಇನ್ನೊಂದರದು 8.1. ನಾನು ಡೇರಿಯ ಪುಸ್ತಕ ತೆರೆದು ನಮ್ಮ ಮನೆಯ ಸಾಲನ್ನು ನೋಡಿದೆ. ನಾಲ್ಕು ತಿಂಗಳಿನಿಂದ, ಅಂದರೆ ನಾನು ಅಧ್ಯಕ್ಷನಾದ ವಾರದಿಂದ, ಪ್ರತಿದಿನ ಎರಡು ಹೊತ್ತೂ 8.5 ಎಂದೇ ಬರೆದಿತ್ತು. ಅದಕ್ಕೂ ಹಿಂದಿನ ಪುಟಗಳಲ್ಲಿ 8.2, 8.3, 8.1 ಎಂದು ದಿನಕ್ಕೊಂದು ಅಂಕಿ ಇತ್ತು. ಪರೀಕ್ಷಕ ತಲೆ ಬಗ್ಗಿಸಿ ನಿಂತಿದ್ದ. ನಾನು ಹಾಗೆ ಬರೆಯೆಂದು ಅವನಿಗೆ ಯಾವತ್ತೂ ಹೇಳಿರಲಿಲ್ಲ, ಬರೆಯಬೇಡವೆಂದೂ ಹೇಳಿರಲಿಲ್ಲ. ಅಮ್ಮನಿಗೆ ಮಾತ್ರ ಹಾಲಿನ ದರ ಈ ನಡುವೆ ಚೆನ್ನಾಗಿ ಬರುತ್ತಿದೆ ಎಂಬ ಸಂತೋಷವಿತ್ತು. ಹೊಸ ಖನಿಜ ಮಿಶ್ರಣದಿಂದ ಹಾಗಾಯಿತೆಂದು ಅವರು ಅಕ್ಕಪಕ್ಕದವರಿಗೂ ಹೇಳಿದ್ದರು.

ಅಲ್ಲಿಂದ ಮಾವನ ಮನೆಗೆ ಹೋದೆವು. ಅವರ ಎರಡು ಹಸುಗಳ ಹಾಲು ಸೇರಿಸಿ 8.3 ಬಂತು. ಒಂದು ಹಸುವಿನ ಕೆಚ್ಚಲಿನ ಒಂದು ಮೊಲೆ ಬಿಸಿಯಾಗಿತ್ತು, ವೈದ್ಯರಿಗೆ ಹೇಳಿದ್ದೇವೆ. ಡೇರಿಯಲ್ಲಿ ಬರುತ್ತಿದ್ದ 7.8ಕ್ಕೂ ಕೊಟ್ಟಿಗೆಯ 8.3ಕ್ಕೂ ನಡುವೆ ಉಳಿದ ಅಂತರದ ಬಗ್ಗೆ ಎಲ್ಲರ ಮುಂದೆ ನಾನು ಏನನ್ನೂ ಕೇಳಲಿಲ್ಲ. ನಮ್ಮ ಮನೆಯ ಅಂಕಿಯನ್ನು ಮೊದಲು ಅವರಿಗೆ ಹೇಳಿದೆ. ಇಂದು ಸಂಜೆಯಿಂದ ಎರಡು ಮನೆಗಳಿಗೂ ಯಂತ್ರ ತೋರಿಸಿದ್ದನ್ನೇ ಬರೆಯುತ್ತಾರೆ ಮಾವ, ನಿಯಮ ನೀವೂ ಬಲ್ಲಿರಿ ಎಂದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆಮೇಲೆ ಅವರ ಹಾಲು 8.2ಕ್ಕಿಂತ ಕೆಳಗಿಳಿದಿಲ್ಲ. ನನ್ನೊಂದಿಗೆ ಅವರು ಇನ್ನೂ ಮಾತನಾಡಿಲ್ಲ, ಅತ್ತೆ ಮಾತ್ರ ಅಮ್ಮನಿಗೆ ಫೋನು ಮಾಡುತ್ತಾರೆ.

ಆಡಳಿತ ಮಂಡಳಿಯ ಸಭೆಯಲ್ಲಿ ನಾಲ್ಕು ತಿಂಗಳ ನಮ್ಮ ಮನೆಯ ಅಂಕಿಗಳನ್ನು ನಾನೇ ಓದಿ, ಹೆಚ್ಚಾಗಿ ಬಂದ ಹಣವನ್ನು ಲೆಕ್ಕ ಹಾಕಿಸಿ ಸಂಘಕ್ಕೆ ಕಟ್ಟಿದೆ. ಪರೀಕ್ಷಕನ ಮೇಲೆ ಕ್ರಮ ಕೈಗೊಳ್ಳಬೇಕೆಂದು ಒಬ್ಬ ನಿರ್ದೇಶಕರು ಪಟ್ಟು ಹಿಡಿದರು. ಅವನು ನನ್ನ ಮುಖ ನೋಡಿದ ದಿನ ನಾನು ಹೊರಗೆ ಹೋದದ್ದನ್ನು ಸಭೆಗೆ ಹೇಳಿ, ಕ್ರಮವಾಗಬೇಕಾದರೆ ಅದು ನನ್ನಿಂದ ಶುರುವಾಗಲಿ ಎಂದೆ. ಆ ಮಾತು ಅಲ್ಲಿಗೆ ನಿಂತಿತು. ಯಂತ್ರವನ್ನು ಗಣಕಯಂತ್ರಕ್ಕೆ ಜೋಡಿಸಿ ಪ್ರತಿಯೊಬ್ಬರಿಗೂ ಚೀಟಿ ಬರುವಂತೆ ಮಾಡುವುದಕ್ಕೆ ಸಭೆ ಒಪ್ಪಿದೆ, ಅದಕ್ಕೆ ಇನ್ನೂ ಎರಡು ತಿಂಗಳು ಬೇಕಂತೆ. ಅಲ್ಲಿಯವರೆಗೆ ಪರೀಕ್ಷಕ ಅಂಕಿಯನ್ನು ಜೋರಾಗಿ ಓದುತ್ತಾನೆ. ಮೊದಲ ಸಂಜೆ ನಮ್ಮ ಕ್ಯಾನಿನ ಸರದಿ ಬಂದಾಗ ಅವನ ದನಿ ಸ್ವಲ್ಪ ನಡುಗಿತು. ಅಮ್ಮನೇ, ಜೋರಾಗಿ ಹೇಳಪ್ಪ, ಹಿಂದೆ ನಿಂತವರಿಗೆ ಕೇಳಿಸುತ್ತಿಲ್ಲ ಎಂದರು.

ನಾನು ಹತ್ತು ದಿನ ಊರಲ್ಲಿಲ್ಲದಿದ್ದರೆ ಏನು ನಿಲ್ಲುತ್ತದೆ ಎಂಬ ಪಟ್ಟಿಯನ್ನು ನಿನ್ನೆ ಬರೆಯಲು ಕುಳಿತೆ. ಹನ್ನೊಂದು ಬಾಬತ್ತುಗಳಾದವು. ನಿವೃತ್ತ ಕಾರ್ಯದರ್ಶಿಗಳಲ್ಲಿ ಒಂದು ವಿಷಯ ಕೇಳಬೇಕಿದೆ: ಬಟವಾಡೆಯ ಪಟ್ಟಿಯನ್ನು ಇಬ್ಬರು ಬೇರೆ ಬೇರೆಯಾಗಿ ತಾಳೆ ನೋಡುವ ಕ್ರಮ ನಿಮ್ಮಲ್ಲಿ ಇತ್ತೇ, ಇದ್ದರೆ ಆ ಎರಡನೆಯವರು ಯಾರಾಗಿರುತ್ತಿದ್ದರು?